ಹುಟ್ಟಿದಾಗ ಎರಡೂಕಾಲು ಕೆ.ಜಿ.: ಸಣ್ಣ ಮಗುವನ್ನು ಬೆಳೆಸುವ ಲೆಕ್ಕ



ಊರಿನಿಂದ ‘ಹೆರಿಗೆ ಆಯ್ತು’ ಅಂತ ಫೋನ್ ಬಂದರೆ ನಾವು ಕೇಳುವುದು ಮೂರೇ ಪ್ರಶ್ನೆ. ಗಂಡೋ ಹೆಣ್ಣೋ? ತಾಯಿ, ಮಗು ಆರಾಮ ಇದ್ದಾರಾ? ತೂಕ ಎಷ್ಟು? ಮೂರನೆಯದಕ್ಕೆ ‘ಎರಡೂಕಾಲು’ ಎಂಬ ಉತ್ತರ ಬಂದರೆ ಎರಡೂ ಕಡೆ ದನಿ ಸ್ವಲ್ಪ ಇಳಿಯುತ್ತದೆ. ಅಲ್ಲಿಂದ ಮುಂದೆ ಮನೆಯವರೆಲ್ಲರ ಗುರಿ ಒಂದೇ, ಮಗುವನ್ನು ಆದಷ್ಟು ಬೇಗ ಗುಂಡುಗುಂಡಾಗಿ ಮಾಡುವುದು.

ಈ ವಾರದ ಬರಹ ಆ ಗುರಿಯ ಬಗ್ಗೆ. ಅದು ಅರ್ಧ ಸರಿ. ಸಣ್ಣ ಮಗು ಬೆಳೆಯಲೇಬೇಕು, ಅದರಲ್ಲೂ ಮೊದಲ ಎರಡು ವರ್ಷ ಚೆನ್ನಾಗಿಯೇ ಬೆಳೆಯಬೇಕು. ಆದರೆ ಯಾವ ವಯಸ್ಸಿನಲ್ಲಿ ಬೆಳೆಯಿತು, ಎತ್ತರವೂ ಬೆಳೆಯಿತೋ ಬರೀ ಕೊಬ್ಬು ಸೇರಿತೋ ಎಂಬುದರ ಮೇಲೆ ಆ ಮಗುವಿಗೆ ಮೂವತ್ತು, ನಲವತ್ತು ತುಂಬಿದಾಗಿನ ಸಕ್ಕರೆ, ಬಿ.ಪಿ., ಹೃದಯದ ಆರೋಗ್ಯ ಸಾಕಷ್ಟು ಮಟ್ಟಿಗೆ ನಿಂತಿದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟ ಮುಖ್ಯ ಅಧ್ಯಯನಗಳಲ್ಲಿ ಹಲವು ನಡೆದದ್ದು ನಮಗೆ ಗೊತ್ತಿರುವ ಊರುಗಳಲ್ಲೇ: ಪುಣೆ, ದಿಲ್ಲಿ, ಮುಂಬೈ, ಜೊತೆಗೆ ನಮ್ಮ ಮೈಸೂರು.

*ಕಡಿಮೆ ತೂಕ ಅಂದರೆ ಎಷ್ಟು?*

ಹುಟ್ಟಿದಾಗ 2.5 ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಎನ್ನುತ್ತಾರೆ. 1.5 ಕೆ.ಜಿ.ಗಿಂತಲೂ ಕಡಿಮೆ ಇದ್ದರೆ ಅತಿ ಕಡಿಮೆ ತೂಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 18ರಷ್ಟು ಮಕ್ಕಳು ಈ 2.5ರ ಗೆರೆಯ ಕೆಳಗಿದ್ದರು. ಐದಾರು ಮಕ್ಕಳಲ್ಲಿ ಒಂದು. ಹಾಗಾಗಿ ನಿಮ್ಮ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಅದು ಯಾರ ಪಾಪವೂ ಅಲ್ಲ, ‘ಸೊಸೆ ಸರಿಯಾಗಿ ಉಣ್ಣಲಿಲ್ಲ’ ಎಂಬ ಒಂದು ಮಾತಿನಲ್ಲಿ ಮುಗಿಯುವ ವಿಷಯವೂ ಅಲ್ಲ. ತಾಯಿಯ ಎತ್ತರ, ಅವಳ ಬಾಲ್ಯದ ಊಟ, ರಕ್ತಹೀನತೆ, ಬಿ.ಪಿ., ಮಾಸು ಎಷ್ಟು ಚೆನ್ನಾಗಿ ಕೆಲಸ ಮಾಡಿತು ಎಂಬುದೆಲ್ಲ ಇದರಲ್ಲಿ ಸೇರಿದೆ.

ಸಣ್ಣ ಮಕ್ಕಳಲ್ಲಿ ಎರಡು ಬಗೆ. ಒಂದು, ದಿನ ತುಂಬುವ ಮೊದಲೇ ಹುಟ್ಟಿದ್ದು. ಇನ್ನೊಂದು, ಒಂಬತ್ತು ತಿಂಗಳು ತುಂಬಿದ್ದರೂ ಹೊಟ್ಟೆಯಲ್ಲೇ ಸಣಕಲಾಗಿ ಉಳಿದದ್ದು. ನಮ್ಮ ದೇಶದಲ್ಲಿ ಎರಡನೆಯ ಬಗೆಯವೇ ಹೆಚ್ಚು. ನಿಮ್ಮ ಮಗು ಯಾವ ಬಗೆ ಎಂಬುದನ್ನು ಡಾಕ್ಟರ ಬಳಿ ಕೇಳಿ ತಿಳಿದುಕೊಳ್ಳಿ. ಮುಂದೆ ಲೆಕ್ಕ ಹಾಕುವಾಗ ಇದು ಬೇಕಾಗುತ್ತದೆ.

*ಮೈಸೂರಿನ ಹಳೆಯ ರಿಜಿಸ್ಟರು*

ಮೈಸೂರಿನವರಿಗೆ ಮಿಷನ್ ಆಸ್ಪತ್ರೆ ಎಂದರೆ ಸಾಕು, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದು ವಿವರಿಸಬೇಕಿಲ್ಲ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಬರೆದಿಡುತ್ತಿದ್ದರು. ಅರವತ್ತು ವರ್ಷ ಕಳೆದ ಮೇಲೆ ಸಂಶೋಧಕರು ಆ ಪುಸ್ತಕ ಹಿಡಿದು, ಅಲ್ಲೇ ಹುಟ್ಟಿ ಅಲ್ಲೇ ಉಳಿದ 517 ಮಂದಿಯನ್ನು ಪತ್ತೆ ಮಾಡಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಟ್ಟುವಾಗ 2.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕೆ.ಜಿ.ಗಿಂತ ಹೆಚ್ಚಿದ್ದವರಲ್ಲಿ ಶೇ. 3 ಮಂದಿಗೆ.

ಆದರೆ ಅದೇ ಮೈಸೂರಿನ ಲೆಕ್ಕ ಇನ್ನೊಂದು ಮಾತನ್ನೂ ಹೇಳಿತು. ಸಕ್ಕರೆ ಕಾಯಿಲೆ ಅಲ್ಲಿ ಹೆಚ್ಚಾಗಿ ಕಂಡದ್ದು ಗಿಡ್ಡಗೆ, ದಪ್ಪಗೆ ಹುಟ್ಟಿದವರಲ್ಲಿ, ಅವರ ತಾಯಂದಿರೂ ಭಾರವಾಗಿದ್ದರು. ಗರ್ಭಿಣಿಗೆ ಸಕ್ಕರೆ ಏರಿದರೆ ಮಗು ದಪ್ಪಗಾಗುತ್ತದೆ ಎಂಬುದು ಇವತ್ತು ನಮಗೆ ಗೊತ್ತು. ಆದ್ದರಿಂದ ಪಕ್ಕದ ಮನೆಯ ‘ನಾಲ್ಕು ಕೆ.ಜಿ. ಮಗು’ವನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕಿಲ್ಲ.

*ಪುಣೆಯ ತೆಳ್ಳನೆಯ ಮಗು, ಒಳಗಿನ ಕೊಬ್ಬು*

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಕೆಲಸ ಶುರು ಮಾಡಿತು. ಅಲ್ಲಿನ ತಾಯಂದಿರ ಸರಾಸರಿ ತೂಕ 42 ಕೆ.ಜಿ. ದಿನ ತುಂಬಿ ಹುಟ್ಟಿದ ಮಕ್ಕಳ ಸರಾಸರಿ 2.7 ಕೆ.ಜಿ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಕ್ಕಳದು 3.5. ಇದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಇದ್ದದ್ದು ಮುಂದೆ. ನಮ್ಮ ಮಕ್ಕಳಲ್ಲಿ ಮಾಂಸಖಂಡ ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಸಣ್ಣವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕಡಿಮೆ ಉಳಿದುಕೊಂಡಿತ್ತು! ನೋಡಲು ಸಣಕಲು, ಹೋಲಿಕೆಯಲ್ಲಿ ಕೊಬ್ಬು ಜಾಸ್ತಿ.

ಹೊಟ್ಟೆಯೊಳಗೆ ಆಹಾರ ಕಡಿಮೆ ಬಂದಾಗ ಮಗುವಿನ ದೇಹ, ಬಡ ಮನೆಯ ಯಜಮಾನಿ ಸಂಬಳ ಹಂಚುವ ಹಾಗೆ ಹಂಚುತ್ತದೆ. ಮೊದಲ ಪಾಲು ಮಿದುಳಿಗೆ. ಮಾಂಸಖಂಡ, ಮೂತ್ರಪಿಂಡ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಇವೆಲ್ಲ ಇದ್ದದ್ದರಲ್ಲಿ ಸುಧಾರಿಸಿಕೊಳ್ಳಬೇಕು. ನಾವು ತಿಂದ ಸಕ್ಕರೆಯ ದೊಡ್ಡ ಭಾಗ ಖರ್ಚಾಗುವುದು ಮಾಂಸಖಂಡದಲ್ಲಿ. ಮಾಂಸಖಂಡ ಕಡಿಮೆ, ಇನ್ಸುಲಿನ್ ತಯಾರಿಸುವ ಸಾಮರ್ಥ್ಯವೂ ಕಡಿಮೆ ಎಂದರೆ ಆ ದೇಹ ಮಿತವಾದ ಊಟಕ್ಕೆ ಸರಿ, ಹಬ್ಬದೂಟ ದಿನವೂ ಬಂದರೆ ತಡೆಯುವುದಿಲ್ಲ.

ಯಾಜ್ಞಿಕ್ ಅವರೇ ಇದಕ್ಕೆ ತಮ್ಮ ದೇಹವನ್ನು ಉದಾಹರಣೆಯಾಗಿ ಕೊಟ್ಟರು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರದೂ ಅವರ ಬ್ರಿಟಿಷ್ ಸಹೋದ್ಯೋಗಿ ಯುಡ್ಕಿನ್ ಅವರದೂ ಫೋಟೊ ಅಕ್ಕಪಕ್ಕ ಅಚ್ಚಾಯಿತು. ಇಬ್ಬರ ಬಿ.ಎಂ.ಐ. ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ‘ನಾನು ತೆಳ್ಳಗಿದ್ದೇನೆ, ನನಗೆಲ್ಲಿಯ ಶುಗರ್’ ಎನ್ನುವ ನಮ್ಮ ಮಾವ, ಚಿಕ್ಕಪ್ಪಂದಿರಿಗೆ ಆ ಫೋಟೊ ತೋರಿಸಬೇಕು.

ಪುಣೆಯದೇ ಇನ್ನೊಂದು ಅಧ್ಯಯನ 1999ರದ್ದು. ಕೆ.ಇ.ಎಂ.ನಲ್ಲಿ ಹುಟ್ಟಿದ 477 ಮಕ್ಕಳನ್ನು ಎಂಟನೇ ವಯಸ್ಸಿನಲ್ಲಿ ಪರೀಕ್ಷಿಸಿದರು. ಮುಂದೆ ಸಕ್ಕರೆ, ಹೃದಯದ ತೊಂದರೆ ತರುವ ಲಕ್ಷಣಗಳು ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಹುಟ್ಟುವಾಗ ಸಣ್ಣಗಿದ್ದು, ಎಂಟಕ್ಕೆ ದಪ್ಪಗಾದ ಮಕ್ಕಳಲ್ಲಿ.

*ಹಾಗಾದರೆ ಉಣಿಸಬಾರದೇ?*

ಇಲ್ಲಿ ಅನೇಕರು ತಪ್ಪು ತಿಳಿಯುತ್ತಾರೆ, ಆದ್ದರಿಂದ ದಿಲ್ಲಿಯ ಕಥೆಯನ್ನು ನಿಧಾನವಾಗಿ ಓದಿ. ದಕ್ಷಿಣ ದಿಲ್ಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದ ಮಕ್ಕಳನ್ನು ಡಾ. ಸಂತೋಷ್ ಭಾರ್ಗವ ಮತ್ತು ಜೊತೆಗಾರರು ಚಿಕ್ಕಂದಿನಿಂದಲೂ ಮತ್ತೆ ಮತ್ತೆ ಅಳೆಯುತ್ತಾ ಬಂದರು. ಅವರಲ್ಲಿ 1,492 ಮಂದಿಯನ್ನು 26ರಿಂದ 32ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದರು. ಅಷ್ಟು ಎಳೆಯ ವಯಸ್ಸಿಗೇ ಶೇ. 4.4 ಮಂದಿಗೆ ಸಕ್ಕರೆ ಕಾಯಿಲೆ, ಶೇ. 10.8 ಮಂದಿ ಅದರ ಹೊಸ್ತಿಲಲ್ಲಿ.

ಇವರೆಲ್ಲ ಚಿಕ್ಕಂದಿನಲ್ಲಿ ಡುಮ್ಮಣ್ಣಗಳಾಗಿದ್ದರೇ? ಇಲ್ಲ. ಎರಡು ವರ್ಷ ತುಂಬುವವರೆಗೆ ಉಳಿದವರಿಗಿಂತ ತೆಳ್ಳಗೇ ಇದ್ದವರು. ಎರಡರಿಂದ ಹನ್ನೆರಡರ ನಡುವೆ ಅವರ ತೂಕ ಎತ್ತರವನ್ನು ಮೀರಿ ಮೆಲ್ಲಗೆ ಮೇಲೇರುತ್ತಾ ಹೋಯಿತು. ಆಗಲೂ ಯಾರೂ ಅವರನ್ನು ದಪ್ಪ ಎಂದು ಕರೆಯುವ ಹಾಗಿರಲಿಲ್ಲ. ಮಗು ಬೇರೆಯವರಷ್ಟೇ ದಪ್ಪ ಇದೆಯಲ್ಲ ಎಂದು ಸಮಾಧಾನ ಪಡುವಷ್ಟರಲ್ಲಿ ಅದು ತನ್ನದೇ ಗೆರೆಯನ್ನು ದಾಟಿ ಬಂದಿರುತ್ತದೆ.

2013ರಲ್ಲಿ ದಿಲ್ಲಿ ಸೇರಿ ಐದು ದೇಶಗಳ ಇಂಥ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಚಿತ್ರ ಇನ್ನಷ್ಟು ತಿಳಿಯಾಯಿತು. ಮೊದಲ ಎರಡು ವರ್ಷದಲ್ಲಿ ಉದ್ದ ಚೆನ್ನಾಗಿ ಬೆಳೆದ ಮಕ್ಕಳು ಮುಂದೆ ಹೆಚ್ಚು ಎತ್ತರವಾದರು, ಹೆಚ್ಚು ಓದಿದರು. ಎರಡರ ನಂತರ, ಎತ್ತರಕ್ಕೆ ಮೀರಿ ತೂಕ ಏರಿಸಿಕೊಂಡವರಲ್ಲಿ ದೊಡ್ಡವರಾದಾಗ ಕೊಬ್ಬು, ಬಿ.ಪಿ. ಹೆಚ್ಚಾದವು. ಹಾಗಾಗಿ ಎಳೆ ಮಗುವಿಗೆ ‘ಮುಂದೆ ಶುಗರ್ ಬರುತ್ತದೆ’ ಎಂದು ಹಾಲು, ಊಟ ಕಡಿಮೆ ಮಾಡುವುದು ದೊಡ್ಡ ಅನ್ಯಾಯ. ಮಿದುಳು ಬೆಳೆಯುವ ಕಾಲ ಅದು, ಮತ್ತೆ ಬರುವುದಿಲ್ಲ.

*ಮೊದಲ ವಾರಗಳು*

ಸಣ್ಣ ಮಗುವಿಗೆ ಮೊದಲ ಶತ್ರು ಚಳಿ. ಮೈ ಬೆಚ್ಚಗಿಡಲೇ ಅದರ ಶಕ್ತಿಯೆಲ್ಲ ಖರ್ಚಾದರೆ ಬೆಳೆಯುವುದೆಲ್ಲಿಂದ? ಇದಕ್ಕೆ ಕಾಂಗರೂ ಆರೈಕೆಗಿಂತ ಒಳ್ಳೆಯ ಮದ್ದಿಲ್ಲ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಬರಿ ಎದೆಗೆ ನೆಟ್ಟಗೆ ಒರಗಿಸಿ ಮೇಲೆ ಬಟ್ಟೆ ಕಟ್ಟಿಕೊಳ್ಳುವುದು. ದಿನಕ್ಕೆ ಕನಿಷ್ಠ 8 ಗಂಟೆ, ಆದಷ್ಟೂ ಹೆಚ್ಚು ಹೊತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಭಾಗವಹಿಸಿ 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ತಕ್ಷಣ ಇದನ್ನು ಶುರು ಮಾಡಿದಾಗ ಮೊದಲ ತಿಂಗಳ ಸಾವು ಸುಮಾರು ಕಾಲುಭಾಗ ಇಳಿಯಿತು. ತಾಯಿ ಸುಸ್ತಾದರೆ ಅಪ್ಪ, ಅಜ್ಜಿ ಯಾರು ಬೇಕಾದರೂ ಮಾಡಬಹುದು. ಅಪ್ಪಂದಿರು ನಾಚಿಕೊಳ್ಳುತ್ತಾರೆ, ಎರಡು ದಿನ ಕೂತರೆ ನಾಚಿಕೆ ಹೋಗುತ್ತದೆ.

ಬಾಣಂತನದಲ್ಲಿ ಮಗುವಿಗೆ ಎರೆಯುವ ಸಂಭ್ರಮ ನಮ್ಮಲ್ಲಿ ದೊಡ್ಡದು. ತುಂಬ ಸಣ್ಣ ಮಗುವಿಗೆ ಡಾಕ್ಟರು ಹೇಳುವವರೆಗೆ ಎರೆಯುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಾಂಬ್ರಾಣಿ ಹೊಗೆ ಬೇಡವೇ ಬೇಡ, ಆ ಎಳೆ ಶ್ವಾಸಕೋಶ ತಡೆಯುವುದಿಲ್ಲ. ಜೇನು ಒಂದು ವರ್ಷದವರೆಗೆ ನೆಕ್ಕಿಸಬಾರದು.

ಹಾಲು ಎಂದರೆ ತಾಯಿಯ ಹಾಲು, ಮೊದಲ ದಿನದ ಹಳದಿ ಹಾಲಿನಿಂದಲೇ. ಚೀಪುವ ಶಕ್ತಿ ಇಲ್ಲದಿದ್ದರೆ ಹಿಂಡಿ ತೆಗೆದು ಕುಡಿಸಬೇಕು. ಅದಕ್ಕೆ ಬಾಟಲಿ ಬೇಡ. ಆಸ್ಪತ್ರೆಯಲ್ಲಿ ನರ್ಸಮ್ಮ ‘ಪಾಲಾಡೈ ತನ್ನಿ’ ಎಂದರೆ ಗಾಬರಿಯಾಗಬೇಡಿ, ಅದು ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿರುವ ಒಳಲೆಯೇ. ಕುದಿಸಿ ಬಳಸಿದರಾಯಿತು. ಎಷ್ಟು ಹೊತ್ತಿಗೆ ಎಷ್ಟು ಎಂಬುದನ್ನು ಆಸ್ಪತ್ರೆಯಲ್ಲೇ ಬರೆಸಿಕೊಳ್ಳಿ. ತೀರಾ ಸಣ್ಣ ಮಗುವಿಗೆ ತಾಯಿಹಾಲಿಗೆ ಬೆರೆಸುವ ಪುಡಿಯನ್ನು ಡಾಕ್ಟರು ಬರೆದುಕೊಟ್ಟರೆ ಅದು ಬೇರೆ ವಿಷಯ. ಅಂಗಡಿಯವನ ಮಾತು ಕೇಳಿ ಡಬ್ಬಿ ತರುವುದು ಬೇರೆ ವಿಷಯ.

ಮೊದಲ ದಿನಗಳಲ್ಲಿ ತೂಕ ಹತ್ತನೇ ಒಂದು ಭಾಗದವರೆಗೆ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ, ಅಂದರೆ ವಾರಕ್ಕೆ 150ರಿಂದ 200 ಗ್ರಾಂ ಏರುವುದು ಸಾಮಾನ್ಯ. ಏರದಿದ್ದರೆ, ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಎಬ್ಬಿಸಿದರೂ ಏಳದೆ ಮಲಗಿದ್ದರೆ ಮರುದಿನಕ್ಕೆ ಕಾಯಬಾರದು. ಸಣ್ಣ ಮಗುವಿನ ಮೈಯಲ್ಲಿ ಕಬ್ಬಿಣದ ದಾಸ್ತಾನು ಕಡಿಮೆ ಇರುವುದರಿಂದ ಡಾಕ್ಟರು ಕೆಲವೇ ವಾರಗಳಲ್ಲಿ ಐರನ್ ಡ್ರಾಪ್ಸ್ ಬರೆಯುತ್ತಾರೆ, ವಿಟಮಿನ್ ಡಿ ಹನಿಯೂ ಇರುತ್ತದೆ. ಐರನ್ ಕೊಟ್ಟಾಗ ಮಲ ಕಪ್ಪಾಗುತ್ತದೆ. ಅದನ್ನು ನೋಡಿ ಔಷಧಿ ನಿಲ್ಲಿಸಬೇಡಿ.

*ತವರಿನ ಕಾರ್ಡು, ಪರವೂರಿನ ಡಾಕ್ಟರು*

ನಮ್ಮಂಥವರ ಮನೆಯಲ್ಲಿ ತೊಡಕು ಬರುವುದು ಇಲ್ಲಿ. ಹೆರಿಗೆ ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ, ಐದನೇ ತಿಂಗಳಿಗೆ ಮಗು ಪುಣೆಯ ಎರಡು ಕೋಣೆಯ ಮನೆಗೆ. ತಾಯಿ ಕಾರ್ಡ್ ತವರಿನ ಬೀರುವಿನಲ್ಲೇ ಉಳಿಯುತ್ತದೆ. ಇಲ್ಲಿನ ಡಾಕ್ಟರು ಆರು ಕೆ.ಜಿ.ಯ ಮಗುವನ್ನು ನೋಡಿ ‘ವಯಸ್ಸಿಗೆ ಕಡಿಮೆ’ ಎನ್ನುತ್ತಾರೆ, ಅದು 1.9ರಿಂದ ಆರಕ್ಕೆ ಬಂದದ್ದು ಎಂಬುದು ಅವರಿಗೆ ಗೊತ್ತಿಲ್ಲ. ಒಂದು ದಿನದ ತೂಕ ಏನನ್ನೂ ಹೇಳುವುದಿಲ್ಲ, ಹೇಳುವುದು ಚುಕ್ಕೆಗಳನ್ನು ಸೇರಿಸಿದ ಗೆರೆ. ಹೊರಡುವ ಮೊದಲೇ ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡ್, ಪ್ರತಿ ಸಲದ ತೂಕ, ಉದ್ದ, ತಲೆ ಅಳತೆ ಎಲ್ಲದರ ಫೋಟೊ ತೆಗೆದು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಉದ್ದ ಅಳೆಯುವುದನ್ನು ಅನೇಕ ಕಡೆ ಬಿಟ್ಟುಬಿಡುತ್ತಾರೆ. ಕೇಳಿ ಅಳೆಸಿ. ನೀವಿರುವ ಊರಿನ ಅಂಗನವಾಡಿಯಲ್ಲೂ ತೂಕ ನೋಡಿಸಬಹುದು, ಅದಕ್ಕೆ ದುಡ್ಡು ಬೇಕಿಲ್ಲ.

ದಿನ ತುಂಬದೆ ಹುಟ್ಟಿದ ಮಗುವಾದರೆ ಎರಡು ವಯಸ್ಸು ಲೆಕ್ಕವಿಡಿ. ಎರಡು ತಿಂಗಳು ಮೊದಲೇ ಬಂದಿದ್ದರೆ, ಆರು ತಿಂಗಳಾದಾಗ ಅದರ ಬೆಳವಣಿಗೆಯನ್ನು ನಾಲ್ಕು ತಿಂಗಳ ಮಗುವಿನ ಜೊತೆ ಹೋಲಿಸಬೇಕು. ಎರಡು ವರ್ಷದವರೆಗೆ ಹೀಗೆಯೇ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ, ಹುಟ್ಟಿದ ತಾರೀಖೇ ಲೆಕ್ಕ.

*ಸರಿ, ಬೆಲ್ಲ ಮತ್ತು ಬಿಸ್ಕತ್ತು*

ಆರು ತಿಂಗಳಿಗೆ ರಾಗಿ ಸರಿ ಶುರು. ನಾವು ಮಾಡುವ ತಪ್ಪು ಎಂದರೆ ನೀರು ನೀರಾಗಿ ಕಾಯಿಸುವುದು. ಸಣ್ಣ ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ಅಷ್ಟು ಗಟ್ಟಿ ಇರಲಿ. ಒಂದು ಚಮಚ ತುಪ್ಪ, ಬೆಂದ ಬೇಳೆ, ಮೊಸರು, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ. ರಾಗಿ ಒಂದರಿಂದಲೇ ಎತ್ತರ ಬೆಳೆಯುವುದಿಲ್ಲ, ಬೇಳೆ, ಹಾಲು, ಮೊಟ್ಟೆಯ ಪ್ರೋಟೀನು ಬೇಕು. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಎರಡೂ ಬೇಡ. ‘ಬೆಲ್ಲ ಒಳ್ಳೇದಲ್ವಾ’ ಎಂದು ಕೇಳುವವರು ಇದ್ದೇ ಇರುತ್ತಾರೆ. ರುಚಿ ಕೆಡಿಸುವುದರಲ್ಲಿ ಎರಡೂ ಒಂದೇ.

ಎರಡು ದಾಟಿದ ಮೇಲೆ ನಿಜವಾದ ಪರೀಕ್ಷೆ. ಒಂದು ವರ್ಷದಲ್ಲಿ ಕೆನ್ನೆ ತುಂಬಿಕೊಂಡಿದ್ದ ಮಗು ಮೂರು, ನಾಲ್ಕಕ್ಕೆ ಉದ್ದುದ್ದ, ಪಕ್ಕೆಲುಬು ಕಾಣುವ ಹಾಗೆ ಆಗುತ್ತದೆ. ಅಜ್ಜಿ ವಿಡಿಯೋ ಕಾಲಿನಲ್ಲಿ ನೋಡಿ ‘ಏನೇ ಇದು, ಮಗು ಇಳಿದು ಹೋಗಿದೆ’ ಎನ್ನುತ್ತಾರೆ. ಇಳಿದಿಲ್ಲ. ಒಂದು ವರ್ಷದಿಂದ ಐದಾರು ವರ್ಷದವರೆಗೆ ಎತ್ತರಕ್ಕೆ ಹೋಲಿಸಿದ ತೂಕ ಕಡಿಮೆಯಾಗುತ್ತಾ ಬಂದು, ಆಮೇಲೆ ಮತ್ತೆ ಏರುವುದು ದೇಹದ ಕ್ರಮ. ಆ ಏರಿಕೆ ಬೇಗನೇ ಶುರುವಾದವರೇ ದಿಲ್ಲಿಯಲ್ಲಿ ಮುಂದೆ ಸಕ್ಕರೆಯವರಾದದ್ದು. ಇಬ್ಬರೂ ದುಡಿಯುವ ಮನೆ, ಡೇ ಕೇರ್, ಡಬ್ಬಿಗೆ ಬಿಸ್ಕತ್ತು, ಸಂಜೆ ಅಳು ನಿಲ್ಲಿಸಲು ಚಿಪ್ಸ್, ಆಡಲು ಅಂಗಳ ಇಲ್ಲ: ಇಷ್ಟು ಇದ್ದರೆ ಯಾರೂ ಪ್ರಯತ್ನಪಟ್ಟು ಮಗುವನ್ನು ದಪ್ಪ ಮಾಡಬೇಕಿಲ್ಲ.

ಆರು ತಿಂಗಳಿಗೊಮ್ಮೆ ತೂಕ, ಎತ್ತರ ಎರಡನ್ನೂ ಬೆಳವಣಿಗೆ ಚಾರ್ಟಿನಲ್ಲಿ ಗುರುತಿಸಿ. ಎತ್ತರದ ಗೆರೆ ತನ್ನ ದಾರಿಯಲ್ಲೇ ಹೋಗುತ್ತಿದ್ದು ತೂಕದ ಗೆರೆ ಮಾತ್ರ ಮೇಲಿನ ಗೆರೆ ದಾಟುತ್ತಿದ್ದರೆ ಡಾಕ್ಟರ ಬಳಿ ಮಾತಾಡಿ, ‘ಹುಟ್ಟುವಾಗ ಇಷ್ಟಿತ್ತು’ ಎಂದು ನೀವಾಗಿಯೇ ಹೇಳಿ. ಮಗುವನ್ನು ಉಪವಾಸ ಕೆಡವಬೇಡಿ. ಸಿಹಿ ಪಾನೀಯ, ಪ್ಯಾಕೆಟ್ ತಿಂಡಿ ಮನೆಗೆ ತರುವುದು ನಿಲ್ಲಿಸಿ, ದಿನಕ್ಕೆ ಒಂದು ಗಂಟೆ ಓಡಲು ಬಿಡಿ. ಮೂರು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ.

*ದೊಡ್ಡವರಿಗೂ ಇದೆ*

ಸಣ್ಣಗೆ ಹುಟ್ಟಿ ಈಗ ಮೂವತ್ತು ದಾಟಿದವರು ಈ ಬಳಗದಲ್ಲೇ ಬಹಳ ಮಂದಿ ಇದ್ದೀರಿ. ಬೆಂಗಳೂರು, ಹೈದರಾಬಾದ್, ನಾಗಪುರ, ಲಖನೌಗಳ ಕಾರ್ಖಾನೆಗಳಲ್ಲಿ ದುಡಿಯಲು ಬಂದವರನ್ನು ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರ ಜೊತೆ ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬೊಜ್ಜು, ಸಕ್ಕರೆ ಎರಡೂ ಊರು ಬಿಟ್ಟವರಲ್ಲೇ ಹೆಚ್ಚು. ವರ್ಷಕ್ಕೊಮ್ಮೆ ಸಕ್ಕರೆ, ಬಿ.ಪಿ. ನೋಡಿಸಿಕೊಳ್ಳಿ. ಬಿ.ಎಂ.ಐ. 23 ದಾಟಿದರೆ ನಮ್ಮ ಮೈಗೆ ಅದೇ ಹೆಚ್ಚು. 25ರವರೆಗೆ ಕಾಯುವುದು ಬೇಡ.

ಮದುವೆಯಾದ ಹೆಣ್ಣುಮಕ್ಕಳು, ಎರಡನೇ ಮಗುವಿನ ಯೋಚನೆ ಇರುವವರು ಮುಂಬೈಯ ಅಧ್ಯಯನವನ್ನು ಗಮನಿಸಿ. ಪುಣೆಯ ಹಳ್ಳಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಹೆಚ್ಚು ತಿಂದ ತಾಯಂದಿರ ಮಕ್ಕಳು ದೊಡ್ಡದಾಗಿ ಹುಟ್ಟಿದ್ದನ್ನು ಕಂಡು, ಮುಂಬೈಯ ಕೊಳೆಗೇರಿಗಳ ಆರು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಇವುಗಳಿಂದಲೇ ಮಾಡಿದ ತಿಂಡಿಯನ್ನು ಗರ್ಭ ಧರಿಸುವ ಮೊದಲಿನಿಂದ ಕೊಟ್ಟರು. ಒಟ್ಟಾರೆ ಮಗುವಿನ ತೂಕದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಆದರೆ ಬಸಿರಾಗುವ ಮೂರು ತಿಂಗಳ ಮೊದಲಿನಿಂದಲೇ ತಿಂದವರ ಮಕ್ಕಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದವು, ಪರೀಕ್ಷೆ ಮಾಡಿಸಿಕೊಂಡವರಲ್ಲಿ ಗರ್ಭದ ಸಕ್ಕರೆ ಶೇ. 12.4ರಿಂದ 7.3ಕ್ಕೆ ಇಳಿಯಿತು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ತಿನ್ನಿಸುವುದಕ್ಕಿಂತ ಬಹಳ ಮೊದಲೇ ಸೊಪ್ಪಿನ ಪಲ್ಯ ಶುರುವಾಗಬೇಕು.

ಶುದ್ಧ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಪುಣೆಯ ಆ ಹಳ್ಳಿಗಳ ತಾಯಂದಿರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಬಿ12 ಕಡಿಮೆ ಇತ್ತು. ಬಿ12 ಕಡಿಮೆ, ಫೋಲಿಕ್ ಆಮ್ಲ ಮಾತ್ರ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ನಾಟದ ಲಕ್ಷಣ ಹೆಚ್ಚಾಗಿ ಕಂಡಿತು. ಫೋಲಿಕ್ ಮಾತ್ರೆ ಬಿಡಬೇಡಿ, ಅದು ಬೇಕೇ ಬೇಕು. ಜೊತೆಗೆ ಬಿ12 ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಗರ್ಭಕ್ಕೆ ಮೊದಲೇ ಸರಿಪಡಿಸಿಕೊಳ್ಳಿ. ಮಗುವಿನ ಡ್ರಾಪ್ಸ್ ಆಗಲಿ ನಿಮ್ಮ ಮಾತ್ರೆಯಾಗಲಿ, ಎಷ್ಟು ಎಂಬುದನ್ನು ನಿಮ್ಮ ಡಾಕ್ಟರೇ ತೂಕ ನೋಡಿ, ರಿಪೋರ್ಟ್ ನೋಡಿ ಹೇಳಬೇಕು. ಇನ್ನೊಬ್ಬರ ಚೀಟಿ ನಿಮಗೆ ಆಗುವುದಿಲ್ಲ.